ಅತ್ತೆಯ ಯರ್ಟ್ ಯಾತ್ರೆ

ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಗಿಡ್ಡ ಹಾರೆ ಇದೆ. ಸ್ಟೆಪ್ನಿಯ ಪಕ್ಕದಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತದೆ. ಮೊನ್ನೆ ಕಾರನ್ನು ಸರ್ವೀಸಿಗೆ ಬಿಟ್ಟಾಗ ಗ್ಯಾರೇಜಿನವರು ಅದನ್ನು ಹೊರಗೆಳೆದು, ಒಮ್ಮೆ ಅದರ ಮುಖ, ಒಮ್ಮೆ ನನ್ನ ಮುಖ ನೋಡಿದರು. "ಮೇಡಂ, ನೀವು ಹೈಸ್ಕೂಲಲ್ಲಿ ಗಣಿತ ಹೇಳ್ತೀರಲ್ವ?" ಎಂದರು. ಹೌದೆಂದೆ. ಶಿಕಾರಿಪುರದಲ್ಲಿ ಗಣಿತವನ್ನು ಯಾವ ವಿಧಾನದಲ್ಲಿ ಕಲಿಸುತ್ತಾರೆ ಎಂಬ ಬಗ್ಗೆ ಏನೋ ಒಂದು ತೀರ್ಮಾನಕ್ಕೆ ಬಂದವರಂತೆ, ಗೋಣಿಚೀಲವನ್ನು ಮತ್ತೆ ಹೊದಿಸಿ ಹಾರೆಯನ್ನು ಜೋಪಾನವಾಗಿ ಮಲಗಿಸಿದರು.

ಆ ಹಾರೆ ನಮ್ಮ ಕಾರಿಗೆ ಬಂದದ್ದು ಒಂದು ವಿಹಾರದ ತಯಾರಿಯಲ್ಲಿ. ವಿಹಾರವೆಂದರೆ ಹೊಳೆದಂಡೆಯಲ್ಲಿ, ಗುಂಡಗಿನ ಗುಡಾರದಲ್ಲಿ, ಎರಡು ದಿನ ಕಾಲು ಚಾಚಿಕೊಂಡು ಏನೂ ಮಾಡದೆ ಕೂರುವುದು. ಏನೂ ಮಾಡದಿರುವುದಕ್ಕೆ ಹಾರೆ ಏಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ.

ಇದೆಲ್ಲ ಶುರುವಾದದ್ದು ನಮ್ಮ ಸ್ಟಾಫ್ ರೂಮಿನಲ್ಲಿ. ವಿಜ್ಞಾನ ಹೇಳುವ ವಸುಧಾ ಸೊರಬದ ಕಡೆಯವಳು, ಹೊಸಬಾಳೆಯವಳು. ಅವರ ಕಡೆ ಏನೇ ಹೊಸದು ಬಂದರೂ ಅದನ್ನು ನಮಗೆ ತೋರಿಸಿ, ನಮ್ಮ ಶಿಕಾರಿಪುರದಲ್ಲಿ ಅಂಥದ್ದು ಇಲ್ಲವೆಂದು ಮನದಟ್ಟು ಮಾಡಿಸಿದ ಮೇಲೆಯೇ ಅವಳಿಗೆ ಊಟ ಸೇರುವುದು. ಅಂದು ಟಿಫನ್ ಬಾಕ್ಸಿನ ಪಕ್ಕ ಮೊಬೈಲು ತಂದಿಟ್ಟು, "ಸರೋಜಕ್ಕ, ಇಲ್ಲಿ ನೋಡಿ ಮಾರಾಯ್ರೆ, ಎಷ್ಟು ಚೆಂದ ಉಂಟು!" ಎಂದಳು.

ವರದಾ ನದಿಯ ದಂಡೆ. ಮರಗಳ ನಡುವೆ ಮೂರು ಬಿಳಿಯ ಗುಂಡು ಮನೆಗಳು, ಕೆಳಗೆ ಬೋರಲು ಹಾಕಿದ ಬೋಗುಣಿಗಳಂತೆ.

"ಇದಕ್ಕೆ ಯರ್ಟ್ ಅಂತಾರೆ. ಅದ್ಯಾವುದೋ ದೇಶದಲ್ಲಿ ಕುರಿ ಕಾಯೋರ ಮನೆಯಂತೆ. ಗೋಡೆ ಪೂರಾ ಉಣ್ಣೆ!"

ಕುರಿ, ಉಣ್ಣೆ ಎಂಬೆರಡು ಮಾತು ಕಿವಿಗೆ ಬಿದ್ದದ್ದೇ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ನಮ್ಮದು ಉಡುತಡಿಯ ಕುರಿ ಸಾಕುವ ಮನೆತನ. ನೌಕರಿ ಸಿಕ್ಕ ಹೊಸತರಲ್ಲಿ ಆ ವಿಷಯವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ಕುರಿಯವರ ಗುಡಾರವನ್ನು ನೋಡಿ ವಸುಧಾಳಂಥವಳೇ ಬಾಯಿ ಬಿಡುತ್ತಿರುವಾಗ ನಾನು ಸುಮ್ಮನಿರಲಾದೀತೆ?

"ಇದರಲ್ಲೇನಿದೆ ವಸುಧಾ? ನಾನು ಬೆಳೆದದ್ದೇ ಇಂಥ ಗುಡಾರದಲ್ಲಿ!" ಎಂದುಬಿಟ್ಟೆ.

'ಬೆಳೆದದ್ದು' ಎಂಬ ಮಾತಿಗೆ ಕನಿಷ್ಠ ಎಷ್ಟು ಕಾಲ ಬೇಕೆಂದು ಯಾವ ವ್ಯಾಕರಣದಲ್ಲೂ ಹೇಳಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ಗುಡಾರದಲ್ಲಿ ಬೆಳೆದದ್ದು ಸುಮಾರು ಹದಿನಾಲ್ಕು ಗಂಟೆ.

ಆಗ ನನಗೆ ಒಂಬತ್ತು ವರ್ಷ. ಭತ್ತ ಕೊಯ್ದ ಮೇಲೆ ನಮ್ಮ ಅಜ್ಜ ಮತ್ತು ಸೋದರತ್ತೆ ನಿಂಗವ್ವ ಮಂದೆ ಹೊಡೆದುಕೊಂಡು ಸೊರಬದ ಕಡೆ ಹೋಗುತ್ತಿದ್ದರು. ಗದ್ದೆಯಲ್ಲಿ ಕುರಿ ತಂಗಿದರೆ ಗೊಬ್ಬರವಾಗುತ್ತದೆಂದು ಅಲ್ಲಿನ ರೈತರು ಕರೆಸಿಕೊಳ್ಳುತ್ತಿದ್ದರು. ಆ ವರ್ಷ ನಾನೂ ಬರುತ್ತೇನೆಂದು ರಚ್ಚೆ ಹಿಡಿದೆ. ಹೊಸ ಲಂಗ ಹಾಕಿ, ಎರಡು ಜಡೆಗೂ ಕೆಂಪು ಟೇಪು ಕಟ್ಟಿಸಿಕೊಂಡು ಹೊರಟೆ. ಬಿದಿರ ಗಳ ಬಾಗಿಸಿ, ಮೇಲೆ ಕರಿ ಕಂಬಳಿ ಎಳೆದು ಅತ್ತೆ ಗುಡಾರ ಕಟ್ಟಿದಳು. ಇಬ್ಬನಿಯಲ್ಲಿ ನೆನೆದ ಉಣ್ಣೆ, ಹೊಗೆ, ಕುರಿಹಾಲು ಎಲ್ಲ ಕಲೆಸಿದ ಒಂದು ವಾಸನೆ ಅದರೊಳಗೆ. ಕಂಬಳಿಯ ಸಿಬಿರು ಕುತ್ತಿಗೆಗೆ ಚುಚ್ಚುತ್ತಿತ್ತು. ಹೇಗೋ ನಿದ್ದೆ ಬಂತು. ಬೆಳಗ್ಗೆ ಎದ್ದು ತಲೆ ಮುಟ್ಟಿಕೊಂಡರೆ ಒಂದು ಜಡೆಯ ಟೇಪು ಇಲ್ಲ. ಇನ್ನೊಂದರ ತುದಿ ನಮ್ಮ ದೊಡ್ಡ ಟಗರಿನ ಬಾಯಲ್ಲಿತ್ತು. ಅದು ನನ್ನನ್ನೇ ನೋಡುತ್ತ ನಿಧಾನವಾಗಿ ಮೆಲ್ಲುತ್ತಿತ್ತು.

ವರದಾ ಹೊಳೆಯ ಆಚೆ ದಂಡೆಯವರಿಗೂ ಕೇಳುವಂತೆ ನಾನು ಗೋಳಿಟ್ಟೆ. ಶಿಕಾರಿಪುರದ ಕಡೆ ಹೊರಟಿದ್ದ ಹುಲ್ಲಿನ ಗಾಡಿಯೊಂದರ ಮೇಲೆ ನನ್ನನ್ನು ಎತ್ತಿ ಕೂರಿಸಿದ ನಿಂಗವ್ವತ್ತೆ, "ಹೋಗವ್ವ, ನೀನು ಸಾಲಿ ಮೇಷ್ಟ್ರಾಗಾಕೇ ಲಾಯಕ್ಕು" ಎಂದಳು. ಅದನ್ನು ಬೈಗುಳವೆಂದೇ ಅವಳು ಹೇಳಿದ್ದು. ಹಾಗೇ ಆಯಿತು.

ಸ್ಟಾಫ್ ರೂಮಿನಲ್ಲಿ ಈ ಭಾಗವನ್ನು ನಾನು ಹೇಳಲಿಲ್ಲ. ಪರಿಣಾಮವಾಗಿ ಸಂಜೆಯೊಳಗೆ ಇಡೀ ಶಾಲೆಗೆ ನಾನು ಗುಡಾರ ತಜ್ಞೆಯಾಗಿದ್ದೆ. "ಅಕ್ಕ, ನೀವು ಹೋಗಿ ನೋಡಿ ಬನ್ನಿ. ಅಸಲಿಯೋ ನಕಲಿಯೋ ನಿಮಗೇ ಗೊತ್ತಾಗೋದು" ಎಂದು ವಸುಧಾ ತಾನೇ ಫೋನು ಮಾಡಿ ಸಂಕ್ರಾಂತಿ ರಜೆಗೆ ಒಂದು ಯರ್ಟ್ ಕಾದಿರಿಸಿಯೂ ಬಿಟ್ಟಳು. ನಮ್ಮ ಮನೆಯವರಿಗೆ ಹೇಳಿದೆ. ಅವರದು ಬಸ್ ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ, ಶಾಂತ ಸ್ವಭಾವದವರು. "ಅಲ್ಲಿ ಕುರಿ ಇರ್ತಾವೇನು?" ಎಂದು ಮಾತ್ರ ಕೇಳಿದರು. ಟೇಪಿನ ಕತೆ ಅವರಿಗೆ ಗೊತ್ತು.

ಇದೇ ಸಮಯಕ್ಕೆ ಉಡುತಡಿಯಲ್ಲಿ ಇನ್ನೊಂದು ರಗಳೆ ನಡೆದಿತ್ತು. ಅದೇ ನಿಂಗವ್ವತ್ತೆ, ಈಗ ಎಪ್ಪತ್ತೈದು ದಾಟಿದವಳು, ಮಗ ಮಂಜಪ್ಪನ ಜೊತೆ ಇದ್ದಾಳೆ. ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಮುಂದೆ ನಿಂತವರು ನೆರಳಿನಂತೆ ಕಾಣುತ್ತಿದ್ದರು, ಅಷ್ಟೇ. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿಯಾಗಿತ್ತು. ಊರಿಗೆಲ್ಲ ಕನ್ನಡಕ ಕೊಡುವ ಮನುಷ್ಯನ ಹೆಂಡತಿಯ ಸೋದರತ್ತೆಗೇ ಕಣ್ಣು ಕಾಣದೆಂದರೆ ಅಂಗಡಿಗೆ ಶೋಭೆಯೇ? ಆಪರೇಷನ್ ಮಾಡಿಸಿಕೋ ಎಂದು ಯಾರು ಹೋಗಿ ಹೇಳಿದರೂ ಅವಳದು ಒಂದೇ ಉತ್ತರ: "ಕತ್ತರಿ ಹಾಕಾದು ಕುರಿಗೆ. ನನ್ನ ಕಣ್ಣಿಗಲ್ಲ."

ಭಾನುವಾರ ನಾನು ಕೊನೆಯ ಪ್ರಯತ್ನಕ್ಕೆಂದು ಹೋದೆ. ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತು, ಲೇಸರು, ಲೆನ್ಸು, ಹತ್ತೇ ನಿಮಿಷ, ನೋವಿಲ್ಲ ಎಂದೆಲ್ಲ ಪಾಠ ಒಪ್ಪಿಸುತ್ತಿದ್ದಾಗ ಯರ್ಟಿನ ಮಾಲೀಕನ ಫೋನು ಬಂತು. ಶ್ರೀಧರ ಎಂದು ಹೆಸರು, ಸೊರಬದ ಕಡೆಯ ಹುಡುಗ.

"ಹೌದ್ರೀ, ಬುಕ್ ಮಾಡಿದ್ದು ನಾವೇ. ಇಬ್ಬರಿಗೆ ಒಂದು ಯರ್ಟ್" ಎಂದು ಹೇಳಿ ಇಟ್ಟೆ.

"ಇಬ್ಬರಿಗೆ ಒಂದು ಎರಡು?" ಎಂದಳು ಅತ್ತೆ. "ಎಂಥಾ ಲೆಕ್ಕನೇ ಅದು? ಹಿಂಗಾ ನೀನು ಹುಡುಗರಿಗೆ ಹೇಳಿಕೊಡಾದು?"

"ಎರಡಲ್ಲ ಅತ್ತೆ, ಯರ್ಟ್."

"ಅದನ್ನೇ ನಾನೂ ಅಂದಿದ್ದು. ಎರಡು ಏನು?"

ವಿವರಿಸಬೇಕಾಯಿತು. ವರದಾ ಹೊಳೆದಂಡೆ, ಗುಂಡಗಿನ ಗುಡಾರ, ಉಣ್ಣೆಯ ಗೋಡೆ, ನಾವಿಬ್ಬರು. ಅತ್ತೆ ಮೊದಲು ನಂಬಲಿಲ್ಲ. ನಂಬಿದ ಮೇಲೆ ನಕ್ಕಳು. ಕೆಮ್ಮು ಬರುವವರೆಗೆ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮಪ್ಪನ ಗುಡಾರದಾಗೆ ಒಂದು ದಿನ ನಿಲ್ಲದಾಕಿ, ಈಗ ಊರ ಮಂದಿ ಗುಡಾರಕ್ಕೆ ಹೊಂಟೀಯಾ!" ಎಂದಳು. ಆಮೇಲೆ ಕೇಳಿದಳು: "ವರದಾ ಹೊಳೆ ಅಂದೆಲ್ಲ, ಯಾವ ಕಡೆ ದಂಡೆ?"

"ಈ ಕಡೆದು."

"ನನ್ನೂ ಕರಕೊಂಡು ಹೋಗು. ಬಂದ ಮ್ಯಾಲೆ ನಿನ್ನ ಡಾಕ್ಟರಿಗೆ ಕಣ್ಣು ಕೊಡ್ತೀನಿ."

ಹೀಗೆ ನಮ್ಮ ದಂಪತಿವಿಹಾರ ಮೂವರದಾಯಿತು. ನಮ್ಮ ಮನೆಯವರು ಬೇಸರಿಸುವರೆಂದು ಅಂಜುತ್ತ ಹೇಳಿದರೆ, ಅವರು ಅಂಗಡಿ ಬಾಗಿಲು ಹಾಕುವುದನ್ನೂ ಮರೆತು ಡಾಕ್ಟರ ಹತ್ತಿರ ಓಡಿ, ಹಬ್ಬ ಕಳೆದ ಬುಧವಾರಕ್ಕೆ ದಿನ ಗೊತ್ತು ಮಾಡಿಯೇ ಬಂದರು.

ಯಾವುದೇ ಪ್ರವಾಸಕ್ಕೂ ನಾನು ಪಟ್ಟಿ ಮಾಡುವವಳು. ಗೆರೆ ಎಳೆದು, ಕ್ರಮಸಂಖ್ಯೆ ಹಾಕಿ, ಕೊನೆಗೆ ಷರಾ ಎಂಬ ಕಾಲಂ ಸಹಿತ. ಟಾರ್ಚು, ಸೊಳ್ಳೆ ಮುಲಾಮು, ಫ್ಲಾಸ್ಕು, ಅರ್ಧ ಓದಿದ ಎರಡು ಕಾದಂಬರಿ, ಮಾತ್ರೆಡಬ್ಬಿ. ಇದನ್ನು ಫೋನಿನಲ್ಲಿ ಅತ್ತೆಗೆ ಓದಿ ಹೇಳಿದ್ದೇ ನನ್ನ ತಪ್ಪು.

"ಇಷ್ಟೂ ಬಿಡು" ಎಂದಳು. "ಬರಕಾ. ಹಾರೆ."

"ಹಾರೆ ಯಾಕೆ ಅತ್ತೆ?"

"ಗೂಟ ಏನು ನಿನ್ನ ಹಲ್ಲಾಗೆ ಹೊಡೀತೀಯಾ?"

"ಅವರೇ ಹೊಡೆದಿರ್ತಾರೆ."

"ಇನ್ನೊಬ್ಬರು ಹೊಡೆದ ಗೂಟ ನಂಬಿ ಯಾರಾದ್ರೂ ಮಲಗ್ತಾರಾ? ಬರಕಾ. ಹಗ್ಗ ಎರಡು ಮಾರು. ಕಂಬಳಿ ಎರಡು, ನಾನೇ ತರ್ತೀನಿ. ಒಲೆಗೆ ಮೂರು ಕಲ್ಲು."

ಊರಿನಿಂದ ಕಲ್ಲು ಹೊರುವುದೆಂದರೆ ಅತಿಯಾಯಿತು. ಹೊಳೆದಂಡೆಯಲ್ಲಿ ಕಲ್ಲಿಗೇನು ಬರ ಎಂದೆ.

"ನೀರು ಕುಡಿದ ಕಲ್ಲು ಬೆಂಕಿಗಿಟ್ರೆ ಸಿಡೀತಾವವ್ವ. ಸೈನ್ಸು ಹೇಳಾ ಟೀಚರು ನಿಮ್ಮ ಸಾಲ್ಯಾಗೆ ಇಲ್ಲೇನು?"

ಮರುದಿನ ವಸುಧಾಳನ್ನು ಕೇಳಿದೆ. ಕಲ್ಲಿನೊಳಗಿನ ನೀರು ಆವಿಯಾಗಿ ಒಡೆಯುವುದು ನಿಜವೆಂದಳು. ಪಟ್ಟಿಯಲ್ಲಿ ಮೂರು ಕಲ್ಲು ಸೇರಿತು. ಷರಾ ಕಾಲಂನಲ್ಲಿ 'ಒಣಗಿದ್ದು' ಎಂದು ಬರೆದೆ.

ಅಲ್ಲಿಂದ ದಿನವೂ ನನ್ನ ಮೊದಲ ಪಿರಿಯಡ್ ಶುರುವಾಗುವ ಸರಿಯಾದ ಹೊತ್ತಿಗೆ ಅತ್ತೆಯ ಫೋನು. ಬೆಲ್ಲ ಮರೀಬ್ಯಾಡ. ರೊಟ್ಟಿ ನಾನು ಮಾಡಿಸಿ ತರ್ತೀನಿ. ಕಂಬಳಿಗೆ ಹುಣಿಸೆಬೀಜದ ಗಂಜಿ ಕೊಡಿಸೀನಿ, ಈಗ ಬಿರುಸಾಗಿ ನಿಂತೈತಿ, ಕಾರಿನಾಗೆ ಮಡಚಬ್ಯಾಡ. ಇಷ್ಟೆಲ್ಲ ಸರಿ, ಗುರುವಾರದ ಫೋನು ಮಾತ್ರ ನನ್ನನ್ನು ಕಂಗೆಡಿಸಿತು.

"ಟಗರು ಒಂದು ತರಾನ."

"ಅತ್ತೆ!"

"ಕುರಿ ಇಲ್ಲದ ಗುಡಾರ ಅದ್ಯಾತರ ಗುಡಾರ? ಹೊಳಿ ದಂಡ್ಯಾಗೆ ಕುಂತು ಯಾರ್ನ ಕಾಯಾದು? ಅಳಿಯಪ್ಪನ್ನಾ?"

ನನಗೆ ಕೆಂಪು ಟೇಪು ನೆನಪಾಯಿತು. ಆದರೂ ಕಣ್ಣಿನ ಒಪ್ಪಂದ ಮುರಿದೀತೆಂಬ ಭಯ. ಶ್ರೀಧರನಿಗೆ ಫೋನು ಮಾಡಿದೆ.

"ನಿಮ್ಮಲ್ಲಿ ಪೆಟ್ಸ್ ತರಬಹುದೇನ್ರೀ?"

"ತನ್ನಿ ಮೇಡಂ, ತೊಂದ್ರೆ ಇಲ್ಲ. ನಾಯಿಯಾ?"

"ನಾಯಿಗಿಂತ ಸ್ವಲ್ಪ ದೊಡ್ಡದು."

"ಓ, ದೊಡ್ಡ ಜಾತಿ ನಾಯಿಯಾ?"

"ನಾಯಿಯಲ್ಲ. ಕೊಂಬಿದೆ."

"ಮೇಡಂ, ನೀವು ನಮ್ಮಲ್ಲಿಗೆ ಎಂತಕ್ಕೆ ಬರ್ತಾ ಇರೋದು?" ಎಂದು ಆ ಹುಡುಗ ತುಂಬ ವಿನಯದಿಂದ ಕೇಳಿದ. ಕಡೆಗೆ ನಾನು ಅತ್ತೆಗೆ, ಕಾರಿನಲ್ಲಿ ಟಗರಿದ್ದರೆ ಪೊಲೀಸರು ಹಿಡಿಯುತ್ತಾರೆಂದು ಸುಳ್ಳು ಹೇಳಿದೆ. ಆ ವೇಳೆಗೆ ನನಗೆ ಸುಳ್ಳು ಹೇಳುವುದು ರೂಢಿಯಾಗಿತ್ತು. ಅದೇಕೆಂದು ಮುಂದೆ ತಿಳಿಯುತ್ತದೆ.

ಶನಿವಾರ ಹೊರಟೆವು. ಡಿಕ್ಕಿಯಲ್ಲಿ ಹಾರೆ, ಹಗ್ಗ, ಮೂರು ಕಲ್ಲು. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮಡಚಬಾರದ ಎರಡು ಕಂಬಳಿ. ನನ್ನ ಕಾದಂಬರಿಗಳಿಗೆ ಜಾಗವಾಗಲಿಲ್ಲ. ಶಿರಾಳಕೊಪ್ಪ ದಾಟುವವರೆಗೆ ಅತ್ತೆ ಮಾತಾಡುತ್ತಲೇ ಇದ್ದಳು. ಸೊರಬದ ಕಡೆ ತಿರುಗಿದ ಮೇಲೆ ಗಾಜು ಇಳಿಸು ಎಂದಳು. ಗಾಳಿಗೆ ಮುಖವೊಡ್ಡಿ, ಆಗೊಮ್ಮೆ ಈಗೊಮ್ಮೆ, "ಇಲ್ಲಿ ಭತ್ತ ಬಡೀತಾ ಅದಾರೆ", "ಇಲ್ಲೊಂದು ಕೆರಿ ಐತಿ" ಎನ್ನುತ್ತಿದ್ದಳು. ಕಣ್ಣಿದ್ದ ನಾನು ತಿರುಗಿ ನೋಡಿ ಹೌದೆನ್ನುತ್ತಿದ್ದೆ.

ಶ್ರೀಧರ ಗೇಟಿನಲ್ಲೇ ಕಾಯುತ್ತಿದ್ದ. ಮೊದಲು ಕಾರಿನೊಳಗೆ ಬಗ್ಗಿ ನೋಡಿ, ಕೊಂಬಿನವರು ಯಾರೂ ಇಲ್ಲವೆಂದು ಖಚಿತವಾದ ಮೇಲೆ ನಮಸ್ಕಾರ ಹೇಳಿದ. ಗೇಟಿನ ಮೇಲೆ 'ಅಪ್ಪಟ ಉಣ್ಣೆಯ ಮನೆಗಳು' ಎಂದು ಚೆಂದದ ಅಕ್ಷರದಲ್ಲಿ ಬರೆಸಿದ್ದ. ಪಾಪ, ತಾನೇ ಮುಂದೆ ನಿಂತು ಕಟ್ಟಿಸಿದ್ದನಂತೆ. ಹೇಳುವಾಗ ಅವನ ಮುಖ ಅರಳಿತ್ತು. "ಅಮ್ಮ, ಮುಟ್ಟಿ ನೋಡಿ. ಹಿತ ಇರ್ತದೆ" ಎಂದ.

ಅತ್ತೆ ಯರ್ಟಿನ ಗೋಡೆಯ ಮೇಲೆ ಅಂಗೈ ಇಟ್ಟಳು. ಬೆರಳು ತಿಕ್ಕಿದಳು. ಮೂಗು ಹಚ್ಚಿದಳು.

"ಇದು ಕುರಿ ಮೈ ಕಂಡಿದ್ದಲ್ಲ" ಎಂದಳು.

"ಇಲ್ಲಮ್ಮ, ಪೂರಾ ಉಣ್ಣೆ. ಬಟ್ಟೆಯವರು ಹಾಗಂತಲೇ ಕೊಟ್ಟಿದ್ದು."

"ಒಂದು ಎಳೆ ಕಿತ್ತು ಕಡ್ಡಿ ಗೀರಪ್ಪ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರ್ತೈತಿ. ಬೂದಿ ಪುಡಿಪುಡಿ ಆಗ್ತೈತಿ."

ಅವನು ಗೀರಿದ. ಎಳೆ ಸುರುಟಿಕೊಂಡು ಕರಿ ಮಣಿಯಾಯಿತು. ಪ್ಲಾಸ್ಟಿಕ್ ಬಕೆಟ್ ಒಲೆಗೆ ತಾಗಿದಂಥ ವಾಸನೆ ಬಂತು. ಇನ್ನೆರಡು ಕಡೆಯಿಂದ ಕಿತ್ತು ಗೀರಿದ. ಅದೇ ಮಣಿ, ಅದೇ ವಾಸನೆ. ಹುಡುಗ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನಮ್ಮ ಮನೆಯವರು ನನ್ನ ಕಡೆ ನೋಡಿದರು. ಎಲ್ಲರೂ ಗುಡಾರ ತಜ್ಞೆಯ ಅಭಿಪ್ರಾಯ ಕೇಳಿಯಾರೆಂದು ನಾನು ಹೊಳೆಯ ಕಡೆ ನೋಡಿದೆ.

"ಮೋಸ ಹೋದೆ ಅಮ್ಮ" ಎಂದ ಶ್ರೀಧರ.

ಅತ್ತೆ ಅವನ ತಲೆ ಎಲ್ಲಿದೆಯೆಂದು ತಡಕಿ, ಅದರ ಮೇಲೆ ಕೈಯಿಟ್ಟಳು. "ಮೋಸ ಹೋದ್ರೆ ಹೋದಿ. ನಿನಗೆ ಗೊತ್ತಿರಲಿಲ್ಲ. ಏಳು, ಅಳಿಯಪ್ಪನ ಕೈಯಾಗೆ ಹಾರೆ ಕೊಡು. ಈ ಹಗ್ಗ ಎಲ್ಲಾ ಸಡಿಲ ಅದಾವು, ಗಾಳಿಗೆ ಪಟಪಟ ಅನ್ನಾದು ಕೇಳಲ್ವಾ?"

ಅವಳು ಹಗ್ಗ ಮೀಟಿ ನೋಡುತ್ತ ಗುಡಾರವನ್ನು ಒಂದು ಸುತ್ತು ಬಂದಳು. ಅವಳು ಕೈ ತೋರಿದಲ್ಲೆಲ್ಲ ನಮ್ಮ ಮನೆಯವರು, ಇಪ್ಪತ್ತೈದು ವರ್ಷ ಕನ್ನಡಕದ ಸ್ಕ್ರೂಗಿಂತ ದೊಡ್ಡದೇನನ್ನೂ ಬಿಗಿಯದವರು, ಹಾರೆಯಿಂದ ಗೂಟ ಜಡಿದರು. ಸಂಜೆಯೊಳಗೆ ಯರ್ಟು ತಮಟೆಯಂತೆ ಬಿಗಿಯಾಗಿತ್ತು. ಒಳಗೆ ಮಂಚ, ಫ್ಯಾನು, ಕನ್ನಡಿ ಎಲ್ಲ ಇದ್ದವು. ಅತ್ತೆ ತನ್ನ ಎರಡು ಕರಿ ಕಂಬಳಿಗಳನ್ನು ಗೋಡೆಗೆ ಕಟ್ಟಿಸಿ, "ಈಗ ಆತು ಗುಡಾರ" ಎಂದಳು. ಊರಿನ ಮೂರು ಕಲ್ಲುಗಳ ಮೇಲೆ ಹಾಲು ಕಾಯಿತು. ರೊಟ್ಟಿ, ಬೆಲ್ಲ ತಿಂದೆವು. ಶ್ರೀಧರನೂ ನಮ್ಮ ಜೊತೆ ಕೂತು ತಿಂದ. ರಾತ್ರಿ ಕಂಬಳಿಯ ವಾಸನೆಯಲ್ಲಿ ನನಗೆ ಎಂಥ ನಿದ್ದೆ ಬಂತೆಂದರೆ, ಬೆಳಗ್ಗೆ ಎದ್ದು ತಲೆಗೂದಲು ಮುಟ್ಟಿ ನೋಡಿಕೊಳ್ಳುವುದೂ ಮರೆತುಹೋಯಿತು.

ಬೆಳಗ್ಗೆ ಅತ್ತೆಯ ಕೈಹಿಡಿದು ಹೊಳೆಗೆ ಹೊರಟೆ. ಶ್ರೀಧರ ಗೇಟಿನ ಹತ್ತಿರ ಏಣಿ ಹಾಕಿಕೊಂಡು ಬಣ್ಣದ ಡಬ್ಬಿ ಹಿಡಿದಿದ್ದ. 'ಅಪ್ಪಟ ಉಣ್ಣೆಯ' ಎಂಬುದನ್ನು ಅಳಿಸಿ, 'ಗುಂಡು ಮನೆಗಳು' ಎಂದಷ್ಟೇ ಉಳಿಸಿದ್ದ. ಅತ್ತೆಗೆ ಓದಿ ಹೇಳಿದೆ. ನೀರಿನಂಚಿನ ಬಂಡೆಯ ಮೇಲೆ ಕುಳಿತು, ಕಾಲು ನೀರಿಗೆ ಬಿಟ್ಟು, ಇಲ್ಲೇ ಎಲ್ಲೋ ಮಂದೆ ದಾಟಿಸುತ್ತಿದ್ದೆವು, ಮುಂದಿನ ಟಗರು ಇಳಿದರೆ ಸಾಕು, ಹಿಂದೆ ಎಲ್ಲವೂ ದಬದಬ ಬೀಳುತ್ತಿದ್ದವು ಎಂದಳು. ಆಮೇಲೆ ಅದೇ ದನಿಯಲ್ಲಿ ಕೇಳಿದಳು:

"ಸರೋಜಿ, ನಮ್ಮ ದೊಡ್ಡ್ಯಾಗೆ ಈಗ ಎಷ್ಟು ಕುರಿ ಅದಾವು?"

"ನೂರಿಪ್ಪತ್ತು ಅತ್ತೆ" ಎಂದೆ.

"ಗಣಿತದ ಟೀಚರಮ್ಮ, ಲೆಕ್ಕ ತಪ್ಪು!" ಎಂದಳು.

ಈಗ ನಿಮಗೂ ಹೇಳಿಬಿಡುತ್ತೇನೆ. ಮಂಜಪ್ಪ ಕುರಿ ಮಾರಿ ಒಂದು ವರ್ಷವಾಗಿತ್ತು. ಮೇಯಿಸಲು ಬಯಲಿಲ್ಲ, ಎಲ್ಲ ಕಡೆ ಮೆಕ್ಕೆಜೋಳ. ಅವನ ಮಂಡಿಯೂ ನಡೆಯಲು ಬಿಡದು. ಮೂರರಲ್ಲಿ ಎರಡು ಪಾಲು ಹೋಗಿದ್ದವು. ಅವ್ವನಿಗೆ ತಿಳಿದರೆ ಅನ್ನ ಬಿಡುತ್ತಾಳೆ, ಹೇಳಬೇಡ ಎಂದು ನನ್ನ ಕೈಹಿಡಿದು ಕೇಳಿಕೊಂಡಿದ್ದ. ಮಾರಿದ ಕುರಿಗಳ ಕೊರಳ ಗಂಟೆಗಳನ್ನು ಬಿಚ್ಚಿಟ್ಟುಕೊಂಡು, ಉಳಿದವಕ್ಕೆ ಎರಡೆರಡು ಮೂರು ಮೂರು ಕಟ್ಟಿದ್ದ. ಸಂಜೆ ದೊಡ್ಡಿಗೆ ಬರುವಾಗ ಭರ್ತಿ ಮಂದೆಯ ಸದ್ದು. ಉಪಾಯ ಬಹಳ ಚೆನ್ನಾಗಿದೆ ಎಂದು ನಾನೇ ಮೆಚ್ಚಿದ್ದೆ.

"ನಿನಗೆ ಯಾರು ಹೇಳಿದ್ರು ಅತ್ತೆ?"

"ಯಾರು ಯಾಕೆ ಹೇಳಬೇಕು? ಎರಡು ಕುರಿ ಎರಡು ಗಂಟೆ ಬಾರಿಸಿದ್ರೆ ಒಂದು ಹಿಂದೆ, ಒಂದು ಮುಂದೆ ಬಡೀತಾವು. ಒಂದೇ ಕುರಿ ಕೊರಳಾಗೆ ಎರಡು ಕಟ್ಟಿದ್ರೆ ಎರಡೂ ಒಂದೇ ಹೆಜ್ಜಿಗೆ ಬಡೀತಾವು. ಮೊದಲನೇ ದಿನಾನೇ ತಿಳೀತು."

"ಮತ್ತೆ ಸುಮ್ಮನಿದ್ದೆಯಲ್ಲ!"

"ಕಣ್ಣು ಕಾಣಲ್ಲ ಅಂತ ಸುಮ್ಮನಿದ್ದೆ. ಕಂಡ ಮ್ಯಾಲೆ ಸುಮ್ಮನಿರಾಕೆ ಆಗ್ತೈತೇನು? ಬೈಬೇಕಾಗ್ತೈತಿ. ಬೈದ್ರೆ ಅವನು ಅಳ್ತಾನೆ. ಸಣ್ಣವನಿದ್ದಾಗಿಂದ್ಲೂ ಅಳಬುರುಕ." ನೀರಿನಲ್ಲಿ ಕಾಲು ಆಡಿಸಿದಳು. "ಅದಕ್ಕೇ ಆಪರೇಷನ್ ಬ್ಯಾಡ ಅಂದಿದ್ದು. ಕತ್ತರಿಗೆ ಅಂಜಿ ಅಲ್ಲ."

ಒಂದು ವರ್ಷ, ವಾರಕ್ಕೊಮ್ಮೆ ಹೋಗಿ ಅವಳ ಪಕ್ಕ ಕುಳಿತು, ಕುರಿ ಹೇಗಿವೆ ಎಂದು ಕೇಳಿದಾಗಲೆಲ್ಲ ದೊಡ್ಡಿಯಲ್ಲಿ ಜಾಗ ಸಾಲುತ್ತಿಲ್ಲ ಎಂದು ಹೇಳಿದವಳು ನಾನು. ತಪ್ಪಾಯಿತು ಅತ್ತೆ ಎಂದೆ.

"ಆ ಹುಡುಗನ್ನ ನೋಡು. ನಿನ್ನೆ ತಿಳೀತು, ಇವತ್ತು ಅಳಿಸಿದ. ನೀನೂ ಮಂಜನೂ ಅವನಿಗಿಂತ ದೊಡ್ಡವರು" ಎಂದಳು. ಆಮೇಲೆ ಅವಳ ತುಟಿಯಂಚಿನಲ್ಲಿ ನಗು ಇಣುಕಿತು. "ಬುಧವಾರ ಕಣ್ಣು ಮಾಡಿಸ್ಕೊತೀನಿ. ನನಗೆ ಗೊತ್ತು ಅಂತ ಮಂಜಗೆ ಹೇಳಬ್ಯಾಡ. ಏನು ಮಾಡ್ತಾನೆ ನೋಡಾನ."

ಒಂದು ಕಣ್ಣಿನ ಆಪರೇಷನ್ ಸುಸೂತ್ರವಾಯಿತು. ಪಟ್ಟಿ ಬಿಚ್ಚಿದ ಮೇಲೆ ನಮ್ಮ ಅಂಗಡಿಯ ಕರಿ ಕನ್ನಡಕ ಹಾಕಿಸಿ ಉಡುತಡಿಗೆ ಕರೆತಂದೆವು. ಕಾರಿಳಿದವಳು ಮನೆಯೊಳಗೆ ಹೋಗಲಿಲ್ಲ, ನೇರ ದೊಡ್ಡಿಗೆ ಹೋದಳು. ದೊಡ್ಡಿ ಕಿಕ್ಕಿರಿದಿತ್ತು. ಮಂಜಪ್ಪ ಬೆಳಗ್ಗೆಯೇ ಅಕ್ಕಪಕ್ಕದ ಮನೆಗಳ ಕುರಿಗಳನ್ನೆಲ್ಲ ಬೇಡಿ ತಂದು ತುಂಬಿಸಿದ್ದ. ಬಾಗಿಲಲ್ಲಿ ಬೆವರುತ್ತ ನಿಂತು, "ನೋಡವ್ವ, ಎಲ್ಲಾ ಅದಾವು" ಎಂದ.

ಅತ್ತೆ ಕುರಿಗಳ ನಡುವೆ ನಡೆದಳು. ಒಂದೊಂದರ ಬೆನ್ನ ಮೇಲೆ ಕೈಯಾಡಿಸಿ ಹೇಳುತ್ತ ಹೋದಳು: "ಇದು ನಮ್ಮದು. ಇದು ಬೀರಪ್ಪನ ಮನೇದು. ಇದೂ ಬೀರಪ್ಪಂದೇ. ಇದು ಮೂಲೆಮನಿ ಕೆಂಚಿ. ಇದು ನಮ್ಮದು. ಇದ್ಯಾವುದೋ ಮೇಕೆ ಮಂಜ, ಗಡಿಬಿಡ್ಯಾಗೆ ತಂದೀಯಾ!"

ಮಂಜಪ್ಪ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಅವ್ವ ಬೈಯುವ ಮೊದಲೇ ಅವನು ಅಳಲು ಶುರು ಮಾಡಿದ. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ.

"ಅಳಾದು ಆಮ್ಯಾಲೆ. ಅವರವರ ಕುರಿ ಅವರವರಿಗೆ ಬಿಟ್ಟು ಬಾ. ಹೋಗು" ಎಂದಳು.

ಅವನು ಬಿಟ್ಟು ಬಂದ. ದೊಡ್ಡಿ ಬಯಲಾಯಿತು. ಉಳಿದವು ಒಂದು ಮೂಲೆಗೆ ಒತ್ತಿಕೊಂಡು ನಿಂತವು, ಕೊರಳ ತುಂಬ ಗಂಟೆ. ಅತ್ತೆ ಬೆರಳು ಮಡಚುತ್ತ ಎಣಿಸಿದಳು.

"ಮೂವತ್ತೆಂಟು."

"ಮೂವತ್ತೊಂಬತ್ತು ಅವ್ವ" ಎಂದ ಮಂಜಪ್ಪ, ಟವೆಲಿನೊಳಗಿಂದ. "ಅದರ ಹಿಂದೆ ಒಂದು ಮರಿ ಐತಿ."

ಅತ್ತೆ ಕನ್ನಡಕ ಸರಿಸಿ ಬಗ್ಗಿ ನೋಡಿದಳು. ಮರಿ ಇತ್ತು. ಅದನ್ನು ಎತ್ತಿ ಎದೆಗಿಟ್ಟುಕೊಂಡು, ಮುಂದೆ ನಿಂತಿದ್ದ ಕರಿ ಕುರಿಯ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಹಾಕಿ ಸವರಿದಳು.

"ಇದು ಗಬ್ಬ ಐತಿ" ಎಂದಳು. "ನಲವತ್ತು ಅಂತ ಬರಕಾ ಸರೋಜಿ."